ಸ್ಲೈಗೋದಲ್ಲಿ ಹತ್ತು ಮಂದಿ

ಬಾಬಾ ತೀರಿಕೊಂಡ ಎಂಟನೆಯ ತಿಂಗಳಲ್ಲಿ ನಾನು ಫೋನಿಗೆ ಒಂದು ಡೇಟಿಂಗ್ ಆ್ಯಪ್ ಹಾಕಿಕೊಂಡೆ. ಯಹೂದಿಗಳಿಗಾಗಿಯೇ ಇರುವ ಆ್ಯಪ್ ಅದು. ಹಾಕಿಕೊಳ್ಳಲು ಹೇಳಿದವಳು ಆಯಿ.

ನಾವು ತಂದೆಯನ್ನು ಬಾಬಾ, ತಾಯಿಯನ್ನು ಆಯಿ, ತಂದೆಯ ತಮ್ಮನನ್ನು ಕಾಕಾ, ತಾಯಿಯ ತಂಗಿಯನ್ನು ಮಾವಶಿ ಎನ್ನುವವರು. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಎಂಬ ಯಹೂದಿ ಪಂಗಡ ನಮ್ಮದು. ಅಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದರು, ಬಾಬಾ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟರ್ ಆದರು, ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದೆ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಹುಬ್ಬಳ್ಳಿ ಕನ್ನಡ. ಓದಿದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಏನನ್ನಾದರೂ ಬರೆಯಬೇಕೆಂದರೆ ನನಗೆ ಬರುವುದು ಕನ್ನಡವೇ. ಲ್ಯಾಬ್ ಡಿಪ್ಲೊಮಾ ಮಾಡಿ, ಧಾರವಾಡದಲ್ಲಿ ಕೆಲವು ವರ್ಷ ದುಡಿದು, ಈಗ ಐರ್ಲೆಂಡಿನ ವಾಯವ್ಯ ಮೂಲೆಯ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿದ್ದೇನೆ. ವಾರ್ಡುಗಳಿಂದ ಬರುವ ರಕ್ತದ ಮಾದರಿಗಳನ್ನು ವಿಂಗಡಿಸಿ ಯಂತ್ರಗಳಿಗೆ ಕೊಡುವುದು ನನ್ನ ಕೆಲಸ.

ಬಾಬಾ ಹೋದದ್ದು ಒಂದು ಮಂಗಳವಾರ ಬೆಳಗ್ಗೆ. ನಮ್ಮಲ್ಲಿ ಕಾಯುವುದಿಲ್ಲ, ಸಾಧ್ಯವಾದರೆ ಅದೇ ದಿನ ಮಣ್ಣು ಮಾಡುತ್ತಾರೆ. ನಾನಿನ್ನೂ ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಾಗಲೇ ಎಲ್ಲ ಮುಗಿದಿತ್ತು. ಊರಿಗೆ ಹೋದ ಮೇಲೆ ತಿಳಿಯಿತು, ಕದ್ದೀಶ್ ಹೇಳಿಲ್ಲ ಎಂದು.

ಕದ್ದೀಶ್ ಎಂದರೆ ಸತ್ತವರಿಗಾಗಿ ಹೇಳುವ ಪ್ರಾರ್ಥನೆ. ವಿಚಿತ್ರವೆಂದರೆ ಅದರಲ್ಲಿ ಸಾವು ಎಂಬ ಮಾತೇ ಇಲ್ಲ. ಮೊದಲಿನಿಂದ ಕೊನೆಯವರೆಗೆ ದೇವರ ಹೊಗಳಿಕೆ. ಅದನ್ನು ಒಬ್ಬನೇ ಹೇಳುವ ಹಾಗಿಲ್ಲ. ಪ್ರಾಯಕ್ಕೆ ಬಂದ ಹತ್ತು ಯಹೂದಿ ಗಂಡಸರು ಕೂಡಿರಬೇಕು, ನಡುನಡುವೆ ಅವರು ಆಮೇನ್ ಅನ್ನಬೇಕು. ಹುಬ್ಬಳ್ಳಿಯಲ್ಲಿದ್ದ ನಮ್ಮವರು ಬಹಳ ಜನ ಇಸ್ರೇಲಿಗೋ ಕೊಂಕಣದ ಠಾಣೆ ಊರಿಗೋ ಹೋಗಿಬಿಟ್ಟಿದ್ದಾರೆ. ಅವತ್ತು ಸೇರಿದ್ದು ಐದೇ ಗಂಡಸರು. ವರ್ಕ್‌ಶಾಪಿನಿಂದ ಮೂವತ್ತು ಜನ ಬಂದಿದ್ದರಂತೆ, ಹೆಗಲು ಕೊಟ್ಟರಂತೆ, ಅತ್ತರಂತೆ. ಅವರು ಲೆಕ್ಕಕ್ಕೆ ಬರುವುದಿಲ್ಲ.

ವಾಪಸ್ ಬಂದ ಮೇಲೆ ನಾನು ಎರಡು ಸಲ ಡಬ್ಲಿನ್‌ಗೆ ಹೋಗಿ, ಅಲ್ಲಿನ ಪ್ರಾರ್ಥನಾ ಮಂದಿರದಲ್ಲಿ ನಿಂತು ಕದ್ದೀಶ್ ಹೇಳಿ ಬಂದೆ. ಅಲ್ಲಿನವರು ಪುಸ್ತಕ ತೆರೆದು ಪುಟ ತೋರಿಸಿದರು, ಚಹಾ ಕೊಟ್ಟರು. ಆದರೆ ಆಯಿಗೆ ಅದು ಸಾಲಲಿಲ್ಲ. ಈಗ ಅವಳು ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಒಂದು ದಿನ ಫೋನಿನಲ್ಲಿ ಹೇಳಿದಳು:

"ಅಲ್ಲಿ ಹೇಳಿದ್ದು ಆತು, ಚಲೋ ಆತು. ಆದರ ವರ್ಷದ್ದು ಮನ್ಯಾಗ ಆಗಬೇಕು. ಮಗನ ಮನ್ಯಾಗ. ಹತ್ತು ಮಂದಿ ಬರಬೇಕು, ಮಲೀದಾದ ತಾಟು ಇಡಬೇಕು."

"ಆಯಿ, ನನಗ ಇಲ್ಲಿ ಮನಿ ಎಲ್ಲೈತಿ? ಒಂದು ರೂಮು."

"ಆ ರೂಮಿಗೆ ಬಾಗಲಾ ಐತಿ ಹೌದಿಲ್ಲೊ?"

"ಐತಿ."

"ಹಂಗಾದ್ರ ಅದು ಮನೀನ."

ಮಲೀದಾ ನಮ್ಮ ಪಂಗಡದ್ದೇ ಪದ್ಧತಿ. ನೆನೆಸಿದ ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ, ದ್ರಾಕ್ಷಿ, ಗೋಡಂಬಿ ಬೆರೆಸಿ, ಮೇಲೆ ಹಣ್ಣು ಜೋಡಿಸಿ, ಪ್ರಾರ್ಥನೆ ಹೇಳಿ ಹಂಚುವುದು. ಸಂತೋಷಕ್ಕೂ ಮಾಡುತ್ತೇವೆ, ಸತ್ತವರ ನೆನಪಿಗೂ ಮಾಡುತ್ತೇವೆ. ಬೇರೆ ದೇಶದ ಯಹೂದಿಗಳಿಗೆ ಇದರ ಹೆಸರೂ ಗೊತ್ತಿಲ್ಲ ಎಂಬುದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

ಅದೇ ಫೋನಿನಲ್ಲಿ, ಅದೇ ದನಿಯಲ್ಲಿ ಆಯಿ ಮುಂದುವರಿಸಿದಳು. "ಮತ್ತ ಆ ಫೋನಿನ್ಯಾಗ ಹುಡುಗ್ಯಾರ ಇರತಾರಂತಲ್ಲ, ನಿನ್ನ ಮಾವಶಿ ಮಗಂಗ ಸಿಕ್ಕಳಲ್ಲ, ಅದನ್ನೂ ನೋಡು."

"ಇನ್ನೂ ವರ್ಷ ಮುಗಿದಿಲ್ಲ, ಆಯಿ."

"ನೋಡಾಕ ಏನ್ ಆಕ್ಕೈತಿ? ಲಗ್ನಾ ಮಾಡ್ಕೊ ಅಂದಿಲ್ಲ ನಾ. ನೋಡು ಅಂದೆ."

ನಾನಿರುವ ಮನೆ ಮಂಗಳೂರಿನ ಕಡೆಯ ಒಂದು ಕ್ಯಾಥೊಲಿಕ್ ದಂಪತಿಯದು. ಮನೆಯಾಕೆಯನ್ನೂ ನಾನು ಅಕ್ಕ ಎನ್ನುತ್ತೇನೆ, ಅವರು ನಮ್ಮ ಆಸ್ಪತ್ರೆಯಲ್ಲೇ ನರ್ಸ್. ಮೇಲಿನ ರೂಮಿನಲ್ಲಿ ನಾನು. ಪ್ರೊಫೈಲಿಗೆ ಫೋಟೋ ತೆಗೆದುಕೊಡಿ ಎಂದು ನಾಚುತ್ತ ಕೇಳಿದಾಗ ಅಕ್ಕ ಕೂಡಲೇ ಸ್ಕಾರ್ಫ್ ಕಟ್ಟಿಕೊಂಡು ಹೊರಟರು. ಆಸ್ಪತ್ರೆಯ ಕಾರ್ ಪಾರ್ಕಿನ ಮೂಲೆಯಿಂದ ಬೆನ್‌ಬಲ್ಬನ್ ಗುಡ್ಡ ಚೆನ್ನಾಗಿ ಕಾಣುತ್ತದೆ, ಅಲ್ಲಿ ನಿಲ್ಲಿಸಿದರು.

"ಎಂತ ಮಾರಾಯ, ನಗು ಸ್ವಲ್ಪ. ಇದು ಪೊಲೀಸರು ತೆಗೆದ ಫೋಟೋ ಹಾಗೆ ಉಂಟು."

ನಕ್ಕೆ.

"ಬೇಡ ಬೇಡ, ನಗಬೇಡ. ಮೊದಲಿನದೇ ಗ್ರ್ಯಾಂಡ್ ಇತ್ತು." ಚೆನ್ನಾಗಿದೆ, ಪರವಾಗಿಲ್ಲ ಎನ್ನುವುದಕ್ಕೆಲ್ಲ ಇಲ್ಲಿಯವರು ಗ್ರ್ಯಾಂಡ್ ಎನ್ನುತ್ತಾರೆ, ಅಕ್ಕನೂ ಕಲಿತಿದ್ದಾರೆ.

ಪ್ರಶ್ನೆಗಳನ್ನು ತುಂಬುವಾಗ ನನಗೆ ನಿಜಕ್ಕೂ ಕುತೂಹಲ ಹುಟ್ಟಿತು. ನೀವು ಯಾವ ಬಗೆಯ ಯಹೂದಿ ಎಂದು ಕೇಳಿ ಕೆಳಗೆ ಏಳೆಂಟು ಆಯ್ಕೆ ಕೊಟ್ಟಿದ್ದರು. ಪೂರ್ವ ಯೂರೋಪಿನವರಿಗೆ ಒಂದು, ಸ್ಪೇನಿನಿಂದ ಬಂದವರಿಗೆ ಒಂದು, ಅರಬ್ ದೇಶಗಳವರಿಗೆ ಒಂದು. ನಮ್ಮದು ಯಾವುದರಲ್ಲೂ ಇರಲಿಲ್ಲ. ಕೊನೆಯಲ್ಲಿದ್ದ 'ಇತರೆ' ಒತ್ತಿದೆ. ಎಷ್ಟು ಕಟ್ಟುನಿಟ್ಟು? ಕೆಲಸ ಮಾಡಬಾರದ ದಿನವಾದ ಶನಿವಾರ ಫೋನ್ ಮುಟ್ಟುತ್ತೀರಾ? ಹಾಲು, ಮಾಂಸ ಬೇರೆ ಬೇರೆ ಪಾತ್ರೆಯೇ? ಹುಬ್ಬಳ್ಳಿಯಲ್ಲಿ ಇದನ್ನು ಯಾರೂ ನಮಗೆ ಕೇಳಿರಲಿಲ್ಲ. ನೆರೆಯವರು ನಮ್ಮನ್ನು ಒಂದು ತರಹದ ಮುಸ್ಲಿಮರು ಎಂದುಕೊಂಡಿದ್ದರು. ಮುಸ್ಲಿಮರು ನಮ್ಮನ್ನು ಒಂದು ತರಹದ ಕ್ರೈಸ್ತರು ಎಂದುಕೊಂಡಿದ್ದರು. ಇಲ್ಲಿ ನನ್ನನ್ನು ನಾನೇ ಹನ್ನೆರಡು ಗೆರೆಗಳಲ್ಲಿ ಬಿಡಿಸಿ ಹೇಳಬೇಕಾಗಿತ್ತು.

ದೂರ ಐವತ್ತು ಕಿಲೋಮೀಟರ್ ಎಂದು ಇಟ್ಟೆ. ಯಾರೂ ಇಲ್ಲ ಎಂದಿತು. ನೂರಕ್ಕೆ ಏರಿಸಿದೆ. ಒಬ್ಬಳು ಬಂದಳು. ಇನ್ನೂರೈವತ್ತಕ್ಕೆ ಹನ್ನೊಂದು ಜನ. ಅವರಲ್ಲಿ ನಾಲ್ವರು ಗಡಿಯಾಚೆ ಉತ್ತರ ಐರ್ಲೆಂಡಿನವರು. ಹತ್ತು ನಿಮಿಷದಲ್ಲಿ ಇಡೀ ದ್ವೀಪ ಮುಗಿದುಹೋಯಿತು. ಇನ್ನು ಮ್ಯಾಂಚೆಸ್ಟರ್ ನೋಡುತ್ತೀರಾ ಎಂದು ಆ್ಯಪ್ ಕೇಳಿತು.

ನೂರು ಕಿಲೋಮೀಟರಿನ ಒಳಗೆ ಸಿಕ್ಕ ಆ ಒಬ್ಬಳೇ ನನಗೆ ಉತ್ತರ ಬರೆದವಳು. ಪಕ್ಕದ ಲೀಟ್ರಿಮ್ ಜಿಲ್ಲೆಯಲ್ಲಿ ದನದ ಡಾಕ್ಟರು. ಡಬ್ಲಿನ್‌ನಲ್ಲಿ ಹುಟ್ಟಿದವಳು. ಶನಿವಾರ ಬೇಡ, ಭಾನುವಾರ ಮಧ್ಯಾಹ್ನ ಸಿಗೋಣ, ಆದರೆ ಯಾವುದಾದರೂ ಹಸು ಕರು ಹಾಕಲು ಶುರುಮಾಡಿದರೆ ಬರುವುದಿಲ್ಲ ಎಂದು ಬರೆದಳು. ಒಂದು ಭಾನುವಾರ ಹಾಗೇ ತಪ್ಪಿತು. ಮುಂದಿನ ಭಾನುವಾರ ಸ್ಲೈಗೋದ ಹೊಳೆಯ ಪಕ್ಕದ ಚಹಾದಂಗಡಿಗೆ ಅರ್ಧ ಗಂಟೆ ತಡವಾಗಿ ಬಂದಳು. ತೋಳು ಮಡಚಿದ ಅಂಗಿ, ಕೈಯಲ್ಲಿ ಡೆಟಾಲಿನಂಥ ವಾಸನೆ. ಅದು ನನಗೆ ಪರಿಚಯದ ವಾಸನೆಯಾದ್ದರಿಂದ ಸ್ವಲ್ಪ ಧೈರ್ಯ ಬಂತು.

ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಿನ್ನ ಪ್ರೊಫೈಲಲ್ಲಿ 'ಇತರೆ' ಅಂತಿತ್ತಲ್ಲ, ಅದಕ್ಕೇ ಬಂದೆ," ಎಂದಳು. "ಈ ದೇಶದಲ್ಲಿರೋ ಮಿಕ್ಕ ಯಹೂದಿ ಹುಡುಗರೆಲ್ಲ ನನಗೆ ನರ್ಸರಿ ಶಾಲೆಯಿಂದ ಗೊತ್ತು. ಅದರಲ್ಲಿ ಇಬ್ಬರು ನನ್ನ ಅಣ್ಣಂದಿರು."

ನಾನು ನಮ್ಮ ಕಥೆ ಹೇಳಿದೆ. ಯಾವ ಕಾಲದಲ್ಲೋ ಕೊಂಕಣದ ದಂಡೆಯಲ್ಲಿ ಹಡಗು ಒಡೆದು ಏಳು ಜೋಡಿ ಮಾತ್ರ ಬದುಕಿದವಂತೆ. ಅವರ ಮಕ್ಕಳ ಮಕ್ಕಳು ಗಾಣದ ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಗಾಣ ಕಟ್ಟದೆ ಇದ್ದದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎನ್ನುತ್ತಿದ್ದರಂತೆ. ಅವಳು ತಟ್ಟೆಯಲ್ಲಿದ್ದ ಸ್ಕೋನ್ ಎಂಬ ಬನ್ನು ತಿನ್ನುವುದನ್ನೇ ಮರೆತು ಕೇಳಿದಳು. ಗಾಣಕ್ಕೆ ಎತ್ತೋ ಕೋಣವೋ ಎಂದು ವಿಚಾರಿಸಿದಳು. ಎತ್ತು ಎಂದೆ. ಅವಳ ಮುತ್ತಜ್ಜ ಲಿಥುವೇನಿಯಾದಿಂದ ಬಂದು ಹಳ್ಳಿಹಳ್ಳಿಗೆ ನಡೆದು ಬಟ್ಟೆ ಮಾರುತ್ತಿದ್ದನಂತೆ. ಇಬ್ಬರಿಗೂ ಬಾಯಿಪಾಠವಿದ್ದ ಒಂದು ಪ್ರಾರ್ಥನೆಯನ್ನು ಮೆಲ್ಲಗೆ ಹೇಳಿ ನೋಡಿದೆವು. ಮಾತು ಒಂದೇ, ರಾಗ ಬೇರೆ. ಅವಳದು ಜೋಗುಳದಂತಿತ್ತು. ನನ್ನದು ಭಜನೆಯ ಹಾಗಿತ್ತು. ಪಕ್ಕದ ಮೇಜಿನ ಹೆಂಗಸು ತಿರುಗಿ ನೋಡಿದರು.

ಎಲ್ಲ ಚೆನ್ನಾಗಿ ಹೋಗುತ್ತಿತ್ತು. ಆಗ ನಾನು ಕೇಳಿಬಿಟ್ಟೆ. "ನಿಮ್ಮ ಮನೆಯಲ್ಲಿ ಗಂಡಸರು ಎಷ್ಟು ಜನ?"

ಅವಳು ಕಪ್ ಕೆಳಗಿಟ್ಟಳು. "ಯಾಕೆ? ನನ್ನನ್ನ ಮದುವೆಗೆ ಕೇಳೋಕಾ, ಅವರ ಜೊತೆ ಹೊಡೆದಾಡೋಕಾ?"

"ಹದಿಮೂರು ವರ್ಷ ದಾಟಿದವರು," ಎಂದು ಸೇರಿಸಿ ಇನ್ನಷ್ಟು ಹಾಳುಮಾಡಿದೆ.

ಅವಳಿಗೆ ಅರ್ಥವಾಗಿಹೋಯಿತು. ಹದಿಮೂರು ಎಂಬ ಸಂಖ್ಯೆ ಬೇರೆ ಯಾರಿಗೂ ಏನೂ ಹೇಳುವುದಿಲ್ಲ. ನಮ್ಮವರಿಗೆ ಗೊತ್ತು, ಪ್ರಾರ್ಥನೆಯ ಹತ್ತರಲ್ಲಿ ಹುಡುಗ ಸೇರುವುದು ಆ ವಯಸ್ಸಿಗೆ. ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದಳು. ಆಮೇಲೆ ತಲೆ ಎತ್ತಿ, "ಯಾರು ಹೋದದ್ದು?" ಎಂದು ಕೇಳಿದಳು.

ಹೇಳಿದೆ. ಐದೇ ಗಂಡಸರು ಸೇರಿದ್ದ ಮಣ್ಣಿನ ವಿಷಯ, ವಿಮಾನ ನಿಲ್ದಾಣದ ಸಾಲು, ಆಯಿಯ ಮಾತು, ವರ್ಷಕ್ಕೆ ಇನ್ನು ಉಳಿದಿದ್ದ ಮೂರು ತಿಂಗಳು. ಒಂಬತ್ತು ತಿಂಗಳಲ್ಲಿ ಇದನ್ನು ಒಂದೇ ಉಸಿರಿಗೆ ಯಾರಿಗೂ ಹೇಳಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಸಂತಾಪ ಹೇಳಿದ್ದರು, ನಾನು ಗ್ರ್ಯಾಂಡ್ ಎಂದಿದ್ದೆ.

"ಹಾಗಾದ್ರೆ ನೀನು ಹುಡುಗಿ ಹುಡುಕ್ತಾ ಇಲ್ಲ," ಎಂದಳು. "ಗಂಡಸರನ್ನ ಹುಡುಕ್ತಾ ಇದ್ದೀಯ."

"ಎರಡನ್ನೂ," ಎಂದೆ. ಅದು ನಿಜವಾಗಿತ್ತು.

"ಅಪ್ಪ, ಇಬ್ಬರು ಅಣ್ಣಂದಿರು, ಚಿಕ್ಕಪ್ಪ. ನಾಲ್ಕು. ನಿನ್ನನ್ನ ಸೇರಿಸಿದ್ರೆ ಐದು." ಕೈ ಚಾಚಿದಳು. "ಫೋನ್ ಕೊಡು. ಇನ್ನೈದು ಜನ ಇದರಲ್ಲೇ ಇದ್ದಾರೆ."

ಆ್ಯಪಿನಲ್ಲಿ 'ಹೆಂಗಸರನ್ನು ತೋರಿಸು' ಎಂದಿದ್ದ ಕಡೆ ಅವಳು 'ಗಂಡಸರನ್ನು ತೋರಿಸು' ಎಂದು ಬದಲಾಯಿಸಿದಳು. ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅದು ಮದುವೆಯ ಪಟ್ಟಿ ಮಾತ್ರವಲ್ಲ, ಐರ್ಲೆಂಡಿನಲ್ಲಿ ಒಂಟಿಯಾಗಿರುವ ಯಹೂದಿಗಳೆಲ್ಲರ ಪಟ್ಟಿ, ಯಾರು ಎಷ್ಟು ದೂರದಲ್ಲಿದ್ದಾರೆ ಎಂಬ ಲೆಕ್ಕದ ಸಮೇತ.

ಆ ವಾರ ನಾನು ಎಲ್ಲರಿಗೂ ಒಂದೇ ಸಂದೇಶ ಕಳಿಸಿದೆ. ನಾನು ಹುಡುಗಿಯರನ್ನು ಇಷ್ಟಪಡುವವನು, ಕ್ಷಮಿಸಿ, ಆದರೆ ತಂದೆಯ ವರ್ಷದ ಪ್ರಾರ್ಥನೆಗೆ ಸ್ಲೈಗೋದಲ್ಲಿ ಹತ್ತು ಜನ ಬೇಕಾಗಿದ್ದಾರೆ, ತಿಂಡಿ ಇರುತ್ತದೆ. ಅಕ್ಕ ಅದನ್ನು ಓದಿ ಕೆಮ್ಮು ಹತ್ತುವವರೆಗೂ ನಕ್ಕರು.

"ಇದನ್ನು ನೋಡಿ ಯಾರಾದ್ರೂ ಬರ್ತಾರಾ ಮಾರಾಯ? ಕಿಡ್ನಿ ತೆಗೀತಾರೆ ಅಂತ ಹೆದರ್ತಾರೆ."

ಇಬ್ಬರು ನನ್ನನ್ನು ಬ್ಲಾಕ್ ಮಾಡಿದರು. ಒಬ್ಬ ಹೃದಯದ ಚಿತ್ರ ಕಳಿಸಿ ಸುಮ್ಮನಾದ. ಗಾಲ್ವೇಯ ಒಬ್ಬ ಬಸ್ ಡ್ರೈವರ್ ಬರೆದ: "ಈ ಆ್ಯಪಲ್ಲಿ ಆರು ವರ್ಷದಿಂದ ಇದ್ದೀನಿ. ನನ್ನನ್ನ ಯಾರಾದ್ರೂ ಬೇಕು ಅಂದದ್ದು ಇದೇ ಮೊದಲು. ಬರ್ತೀನಿ. ತಿಂಡಿ ಏನು?" ವೆಸ್ಟ್‌ಪೋರ್ಟಿನ ಹೋಟೆಲಿನಲ್ಲಿ ಅಡುಗೆ ಮಾಡುವ ಅರ್ಜೆಂಟೀನಾದವನೊಬ್ಬ ಸಿಕ್ಕ. ಸ್ಲೈಗೋದ ಕಾಲೇಜಿನಲ್ಲೇ ಓದುತ್ತಿದ್ದ ಅಮೆರಿಕನ್ ವಿದ್ಯಾರ್ಥಿಯೊಬ್ಬ ಸಿಕ್ಕ. ದಿನಾ ನನ್ನದೇ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದನಂತೆ. ಗಡಿಯಾಚೆಯ ಎನಿಸ್ಕಿಲನ್‌ನ ಹುಡುಗನೊಬ್ಬ, ನಾನೂ ಬರುತ್ತೇನೆ, ನಿವೃತ್ತ ಹಲ್ಲಿನ ಡಾಕ್ಟರಾದ ನಮ್ಮಪ್ಪನನ್ನೂ ಕರೆತರುತ್ತೇನೆ ಎಂದ. ಹತ್ತು ಭರ್ತಿಯಾಯಿತು.

ಈ ಮೂರು ತಿಂಗಳಲ್ಲಿ ದನದ ಡಾಕ್ಟರನ್ನು ನಾಲ್ಕು ಸಲ ನೋಡಿದೆ. ಪ್ರತಿ ಸಲವೂ ನಾವು ಪಟ್ಟಿಯ ವಿಷಯ ಮಾತಾಡಲೆಂದು ಸೇರುತ್ತಿದ್ದೆವು, ಆಮೇಲೆ ಬೇರೆ ಏನನ್ನೋ ಮಾತಾಡುತ್ತಿದ್ದೆವು. ಇದನ್ನು ಡೇಟಿಂಗ್ ಎನ್ನಬಹುದೇ ಎಂದು ನನಗೆ ತಿಳಿಯಲಿಲ್ಲ. ಕೇಳಲು ವರ್ಷವೂ ಮುಗಿದಿರಲಿಲ್ಲ. ತಂದೆ ತಾಯಿ ಹೋದರೆ ನಮ್ಮಲ್ಲಿ ಒಂದು ವರ್ಷ ಹಾಡು, ಕುಣಿತ, ಔತಣಗಳಿಂದ ದೂರವಿರುತ್ತಾರೆ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದ್ದನ್ನು ಕೈ ಹಾಕಿ ನೇರ ಮಾಡಿದ ಕಥೆ ಕೇಳುವುದು ಔತಣವಲ್ಲ ಎಂದುಕೊಂಡೆ.

ನಮ್ಮ ಪಂಚಾಂಗದ ಪ್ರಕಾರ ವರ್ಷದ ದಿನ ಭಾನುವಾರ ಬಿತ್ತು. ಅಕ್ಕ ತಮ್ಮ ಹಜಾರವನ್ನೇ ಬಿಟ್ಟುಕೊಟ್ಟರು. ಏಷ್ಯನ್ ಅಂಗಡಿಯಿಂದ ದಪ್ಪ ಅವಲಕ್ಕಿ, ಫ್ರೀಜರಿನ ಕಾಯಿತುರಿ ತಂದು ಕೊಟ್ಟರು. ಗೋಡೆಯ ಮೇಲಿದ್ದ ಯೇಸುವಿನ ಪಟವನ್ನು ತೆಗೆಯಲೇ ಎಂದು ಅವರೇ ಕೇಳಿದರು. ನಿಮ್ಮ ಮನೆ ಅಕ್ಕ, ಇರಲಿ ಎಂದೆ. ಮಧ್ಯಾಹ್ನ ಹನ್ನೆರಡಕ್ಕೆ ದನದ ಡಾಕ್ಟರ ಚಿಕ್ಕಪ್ಪ ಒಬ್ಬರನ್ನು ಬಿಟ್ಟು ಎಲ್ಲರೂ ಬಂದರು, ಅವಳೂ ಬಂದಳು. ಪರಿಚಯವಿಲ್ಲದ ಗಂಡಸರು ಬೂಟು ಬಿಚ್ಚಿ ಸಾಲಾಗಿ ನಿಂತರು. ಅವಳ ತಂದೆ ಎತ್ತರದ, ಬಿಳಿ ಹುಬ್ಬಿನ, ನಿಧಾನ ಮಾತಿನ ಮನುಷ್ಯ. ಔಷಧದ ಅಂಗಡಿ ನಡೆಸಿದವರು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, "ನಿಮ್ಮ ತಂದೆಯವರ ಹೆಸರು ಹೇಳಿ, ಸರಿಯಾಗಿ ಉಚ್ಚರಿಸಬೇಕು," ಎಂದರು. ಮೂರು ಸಲ ಹೇಳಿಸಿಕೊಂಡರು.

ಆಗ ಅವಳ ಚಿಕ್ಕಪ್ಪನ ಫೋನ್ ಬಂತು. ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಸೊಂಟ ಹಿಡಿದುಕೊಂಡಿದೆ, ಕೂರಲೂ ಆಗುತ್ತಿಲ್ಲ, ಬರಲಾರೆ.

ನಮ್ಮಲ್ಲಿ ಜನರನ್ನು ಒಂದು ಎರಡು ಎಂದು ಎಣಿಸುವುದಿಲ್ಲ. ಶಾಸ್ತ್ರದಲ್ಲಿ ಹತ್ತು ಪದಗಳ ಒಂದು ಸಾಲಿದೆ. ಒಬ್ಬೊಬ್ಬರಿಗೂ ಒಂದೊಂದು ಪದ ಹೇಳುತ್ತ ಹೋಗುತ್ತಾರೆ. ಅವಳ ತಂದೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಆ ಸಾಲು ಹೇಳಿದರು. ಒಂಬತ್ತು ಪದಗಳಿಗೆ ಜನ ಮುಗಿದರು. ಹತ್ತನೆಯ ಪದ ಅವರ ಬಾಯಲ್ಲೇ ಉಳಿಯಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಇಂಗ್ಲಿಷಿನಲ್ಲೇ ಹೇಳಿದರು: "ಒಬ್ಬ ಕಮ್ಮಿಯಾ? ಗೋಡೆ ಮೇಲೆ ಒಬ್ಬ ಇದ್ದಾನಲ್ಲ, ಅವನೂ ನಿಮ್ಮವನೇ."

ಎಲ್ಲರಿಗಿಂತ ಜೋರಾಗಿ ನಕ್ಕವರು ಅವಳ ತಂದೆ. ನಗು ಇಳಿದ ಮೇಲೆ ಬಸ್ ಡ್ರೈವರ್ ಹೇಳಿದ: "ಇದರಲ್ಲಿ ಯೋಚನೆ ಮಾಡೋದೇನಿದೆ? ಅವಳಿದ್ದಾಳಲ್ಲ." ಬಾಗಿಲ ಪಕ್ಕದಲ್ಲಿದ್ದ ದನದ ಡಾಕ್ಟರನ್ನು ತೋರಿಸಿದ. ಬೇಕಾದಷ್ಟು ಕಡೆ ಈಗ ಹೆಂಗಸರನ್ನೂ ಹತ್ತರಲ್ಲಿ ಸೇರಿಸುತ್ತಾರೆ ಎಂದು ಅಮೆರಿಕದ ಹುಡುಗ ಹೇಳಿದ. ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ ಎಂದರು ಅವಳ ತಂದೆ. ದನಿ ಏರಲಿಲ್ಲ, ಆದರೆ ಅದು ಹಳೆಯ ಜಗಳ ಎಂದು ಗೊತ್ತಾಗುತ್ತಿತ್ತು.

ಅವಳು ನನ್ನ ಕಡೆ ತಿರುಗಿದಳು. "ಒಂದು ಮಾತು ಹೇಳ್ತೀನಿ. ಬೇರೆ ಯಾರೂ ಸಿಕ್ಕಲಿಲ್ಲ, ಇವಳಾದ್ರೂ ಆಗಲಿ ಅನ್ನೋದಾದ್ರೆ ನಾನು ಅಡುಗೆಮನೆಗೆ ಹೋಗ್ತೀನಿ, ಬೇಜಾರಿಲ್ಲ. ಚಿಕ್ಕಪ್ಪನ ಸೊಂಟ ಚೆನ್ನಾಗಿದ್ದಿದ್ರೆ ನಾನು ಲೆಕ್ಕಕ್ಕಿಲ್ಲ, ಈಗ ಇದ್ದೀನಿ ಅಂದ್ರೆ ಹೇಗೆ?"

ಎಲ್ಲರೂ ನನ್ನನ್ನೇ ನೋಡಿದರು. ತಂದೆ ನನ್ನವರು, ಆಯಿಯ ಲೆಕ್ಕದಲ್ಲಿ ಮನೆಯೂ ನನ್ನದು.

ಬಾಬಾ ನಿಯಮದ ಮನುಷ್ಯ. ಒಂದು ನಟ್ಟು ಅರ್ಧ ಸುತ್ತು ಸಡಿಲವಿದ್ದರೂ ಗಾಡಿ ಹೊರಗೆ ಬಿಡುತ್ತಿರಲಿಲ್ಲ. ಅವರನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಒಪ್ಪುತ್ತಿದ್ದರು ಎಂದು ಬರೆದರೆ ನನಗೆ ಸಮಾಧಾನವಾಗುತ್ತದೆ, ಆದರೆ ಸುಳ್ಳಾಗುತ್ತದೆ. ನಾನು ಅವರಿಗಾಗಿ ಮಾಡಬೇಕಾಗಿದ್ದ ಕೆಲಸವನ್ನು ಅವರು ಒಪ್ಪದ ರೀತಿಯಲ್ಲಿ ಮಾಡಬೇಕೇ, ಅಥವಾ ಅವರು ಒಪ್ಪುವ ಹಾಗೆ ಮಾಡದೇ ಬಿಡಬೇಕೇ? ಅಷ್ಟು ಜನ ನಿಂತಿದ್ದಾಗ ಹೆಚ್ಚು ಯೋಚಿಸಲು ಹೊತ್ತಿರಲಿಲ್ಲ. ಈ ಕೋಣೆಯನ್ನು ತುಂಬಿಸಿದವಳು ಅವಳು. ಅವಳನ್ನು ಆಚೆ ನಿಲ್ಲಿಸಿ ದೇವರನ್ನು ಹೊಗಳಲು ನನಗೆ ನಾಲಿಗೆ ಏಳುವಂತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟೇ.

ಆ ಸಾಲನ್ನು ನಾನು ಮೊದಲಿನಿಂದ ಮತ್ತೆ ಹೇಳತೊಡಗಿದೆ. ಮೊದಲ ಪದವನ್ನು ಅವಳನ್ನು ನೋಡಿ ಹೇಳಿದೆ. ಎರಡನೆಯದು ಡ್ರೈವರಿಗೆ. ಹಾಗೆ ಸುತ್ತಿ ಬಂದು, ಕೊನೆಯ ಪದಕ್ಕೆ ಅವಳ ತಂದೆಯ ಎದುರು ನಿಂತೆ.

"ನಾನು ಒಳಗೆ ನಿಂತರೆ ಒಪ್ಪಿದ ಹಾಗಾಗುತ್ತದೆ," ಎಂದರು. "ಹೊರಟುಹೋದರೆ ನಿಮ್ಮ ತಂದೆಗೆ ಅನ್ಯಾಯವಾಗುತ್ತದೆ." ಟೋಪಿ ಸರಿಮಾಡಿಕೊಂಡು ಬಾಗಿಲು ತೆರೆದು ಹಿತ್ತಲಿಗೆ ಹೋದರು. ಮರುಕ್ಷಣ ತೆರೆದ ಕಿಟಕಿಯಲ್ಲಿ ಅವರ ಮುಖ ಕಾಣಿಸಿತು. "ಕಿಟಕಿಯಲ್ಲಿ ಮುಖ ಕಾಣುವ ಹಾಗೆ ನಿಂತವನನ್ನು ಸೇರಿಸಿಕೊಳ್ಳಬಹುದು ಎಂದು ಹಳೆಯ ಪುಸ್ತಕಗಳಲ್ಲಿದೆ," ಎಂದರು. "ಸೇರಿಸಿಕೊಳ್ಳುವುದು ಬಿಡುವುದು ನಿಮ್ಮ ಲೆಕ್ಕ. ನನ್ನ ಲೆಕ್ಕದಲ್ಲಿ ನಾನು ತೋಟದಲ್ಲಿದ್ದೇನೆ."

"ಅಪ್ಪಾ, ಮಳೆ ಹನೀತಿದೆ," ಎಂದಳು ಅವಳು.

"ಗ್ರ್ಯಾಂಡ್. ಅವರು ಶುರುಮಾಡಲಿ."

ಶುರುಮಾಡಿದೆ. ನಮ್ಮ ರಾಗದಲ್ಲೇ ಹೇಳಿದೆ, ಹುಬ್ಬಳ್ಳಿಯಲ್ಲಿ ಬಾಬಾ ತಮ್ಮ ತಂದೆಗೆ ಹೇಳುತ್ತಿದ್ದ ರಾಗ. ಡಬ್ಲಿನ್‌ನಲ್ಲಿ ಎರಡೂ ಸಲ ಅವರ ವೇಗಕ್ಕೆ ಓಡಿದ್ದೆ. ಇಲ್ಲಿ ಎಲ್ಲರೂ ನನಗೆ ಕಾದರು. ಆಮೇನ್ ಒಂದೇ ಸಲಕ್ಕೆ ಬರುತ್ತಿರಲಿಲ್ಲ. ಅರ್ಜೆಂಟೀನಾದವನದು ಮುಂಚೆ, ಹಲ್ಲಿನ ಡಾಕ್ಟರದು ತಡವಾಗಿ, ಕಿಟಕಿಯ ಹೊರಗಿನದು ಎಲ್ಲರಿಗಿಂತ ಗಟ್ಟಿಯಾಗಿ. ಬಾಗಿಲ ಪಕ್ಕದ ಆಮೇನ್ ಕೂಡ ನನಗೆ ಬೇರೆಯಾಗಿ ಕೇಳಿಸಿತು. ಎರಡು ನಿಮಿಷದಲ್ಲಿ ಮುಗಿಯಿತು. ಒಂದು ವರ್ಷದಿಂದ ನಾನು ಹೊತ್ತು ತಿರುಗಿದ್ದು ಎರಡು ನಿಮಿಷದ ಕೆಲಸ.

ಆಮೇಲೆ ಮಲೀದಾ ಹಂಚಿದೆ. ಡ್ರೈವರ್ ಮೂರು ಸಲ ಹಾಕಿಸಿಕೊಂಡ. ನೆನೆದ ಕೋಟಿನಲ್ಲಿ ಒಳಗೆ ಬಂದ ಅವಳ ತಂದೆ ಒಂದು ಚಮಚ ಬಾಯಿಗಿಟ್ಟು, ಇದು ಯಾವ ಧಾನ್ಯ ಎಂದು ವಿಚಾರಿಸಿದರು. ಬತ್ತವನ್ನು ಬೇಯಿಸಿ ಕುಟ್ಟಿ ಚಪ್ಪಟೆ ಮಾಡುತ್ತಾರೆ ಎಂದು ಅಕ್ಕ ವಿವರಿಸಿದರು. ಅವಳ ತಂದೆ ಮಗಳ ಜೊತೆಗೂ ಮಾತಾಡಿದರು, ಕಾರಿನ ಟಯರಿನ ವಿಷಯ.

ಎಲ್ಲರೂ ಬೂಟು ಹಾಕಿಕೊಳ್ಳುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಕುಳಿತು ಆಯಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ಆಗ ಸಂಜೆ.

"ಹತ್ತು ಆತೇನು?" ಎಂದಳು.

ಮುಚ್ಚಿಡದೆ ಎಲ್ಲ ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು, ನನ್ನ ಸ್ವಂತ ಅಕ್ಕ ಯಾರನ್ನೋ ಗದರಿಸಿದ್ದು ಕೇಳಿಸಿತು.

"ನಿಮ್ಮ ಬಾಬಾ ಒಪ್ತಿದ್ದಿಲ್ಲ," ಎಂದಳು ಆಯಿ.

"ಹೌದು, ಆಯಿ."

ಆಮೇಲೆ ಹೇಳಿದಳು: "ಅವತ್ತು ಮಣ್ಣು ಕೊಡೂ ಮುಂದ ನಿಮ್ಮ ಕಾಕಾ ಎಣಿಸಿದ. ಐದಕ್ಕ ನಿಂತುಬಿಟ್ಟ. ನಾ ಅವನ ಮಗ್ಗಲಕ್ಕ ಇದ್ದೆ. ನಿಮ್ಮಕ್ಕ ಇದ್ದಳು. ಮಾವಶಿ ಇದ್ದಳು. ಮೂವತ್ತೆಂಟು ವರ್ಷ ಅವರ ಕೂಡ ಬಾಳೇ ಮಾಡಿದಾಕಿ ನಾ."

ವರ್ಷವಿಡೀ ನಾನು ಅವಳ ಹತ್ತಿರ ಹತ್ತು ಜನರ ವಿಷಯ ಮಾತಾಡಿದ್ದೆ. ಅವತ್ತು ನೀನು ಎಲ್ಲಿ ನಿಂತಿದ್ದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ ಇಲ್ಲಿನ ಅಕ್ಕನ ಜೊತೆ ದನದ ಡಾಕ್ಟರ್ ನಗುತ್ತಿದ್ದಳು. ಅದು ಫೋನಿನಲ್ಲೂ ಕೇಳಿಸಿರಬೇಕು.

"ಯಾರದು?"

"ಆಕೀನ, ಆಯಿ."

"ಫೋನ್ ಕೊಡು ಆಕೀಗೆ."

"ನಿನಗ ಇಂಗ್ಲಿಷ್..."

"ರೈಲ್ವೆ ಶಾಲ್ಯಾಗ ಆರನೇತ್ತಾ ತನಕ ಕಲಿತೇನಿ. ಕೊಡು ಅಂದ್ರ ಕೊಡು."

ಅವಳು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದಳು. ಹನಿ ಮಳೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ಕೆಲವು ಸಲ ನಿಂತು ಕಿವಿಗೊಟ್ಟು, ಕೈಯಿಂದ ದೊಡ್ಡದೊಂದು ಹೊಟ್ಟೆಯ ಆಕಾರ ತೋರಿಸುತ್ತಿದ್ದಳು, ಫೋನಿನಲ್ಲಿ ಅದು ಕಾಣುವುದಿಲ್ಲ ಎಂಬುದನ್ನು ಮರೆತು. ಹತ್ತು ನಿಮಿಷ ಕಳೆದು ಒಳಗೆ ಬಂದು ಫೋನ್ ವಾಪಸ್ ಕೊಟ್ಟು ಮೆಟ್ಟಿಲ ಮೇಲೆ ಕುಳಿತಳು.

"ಏನಂದಳು?" ಎಂದು ಕೇಳಿದೆ.

"ಮದುವೆಗೆ ಮುಂಚೆ ಅವರ ಮನೇಲಿ ಎಮ್ಮೆ ಇತ್ತಂತೆ. ಕರು ಹಾಕೋವಾಗ ಒಂದು ಸಲ ಇವರೇ ಒಬ್ಬರೇ ಹಿಡಿದು ಎಳೆದ್ರಂತೆ, ಹದಿನಾಲ್ಕನೇ ವಯಸ್ಸಲ್ಲಿ. ನಿನಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಹಾಗೆಂದು ಹೇಳಿ, ಮತ್ತೇನು ಹೇಳಿದಳು ಎಂದು ಕೇಳುತ್ತ ಅವಳ ಪಕ್ಕದಲ್ಲಿ ಕುಳಿತೆ.